ಜುಲೈಗೆ ಎತ್ತಿಟ್ಟ ನೋವು

ಕತಾರಿನ ದೋಹಾದಲ್ಲಿರುವ ನಮ್ಮವರ ಕಾಯಿಲೆಗಳಿಗೆಲ್ಲ ಒಂದೇ ತಿಂಗಳು, ಜುಲೈ. ಹಲ್ಲು ಹುಳುಕಾದರೆ ಜುಲೈ, ಮಂಡಿ ಹಿಡಿದರೆ ಜುಲೈ, ಕಣ್ಣು ಮಂಜಾದರೂ ಜುಲೈ. ಶಾಲೆಗೆ ರಜೆ ಸಿಕ್ಕಿದ ಕೂಡಲೇ ಮಂಗಳೂರಿನ ವಿಮಾನ ಹತ್ತುತ್ತೇವೆ. ಪೆಟ್ಟಿಗೆಯಲ್ಲಿ ಚಾಕಲೇಟು, ಹಾಲಿನ ಪುಡಿ. ಮೈಯೊಳಗೆ ವರ್ಷವಿಡೀ ಜೋಪಾನ ಮಾಡಿದ ಕಾಯಿಲೆ. ದೋಹಾದಲ್ಲಿ ಆಸ್ಪತ್ರೆಗಳಿಲ್ಲವೇ ಎಂದು ಕೇಳಬೇಡಿ. ಇವೆ, ನೆಲದಲ್ಲಿ ಮುಖ ಕಾಣುವಷ್ಟು ಹೊಳೆಯುತ್ತವೆ. ಆದರೆ ಊರಿನ ಡಾಕ್ಟರ್ ಮುಟ್ಟಿದರೆ ಮಾತ್ರ ಗುಣ ಎಂದು ನಮ್ಮವರ ನಂಬಿಕೆ. ಸಂತರ ಮೇಲೂ ಅವರಿಗೆ ಅಷ್ಟು ನಂಬಿಕೆ ಇರುವುದನ್ನು ನಾನು ಕಂಡಿಲ್ಲ.

ರೆನಿಟಾ ಇಲ್ಲಿಯ ಓಲ್ಡ್ ಏರ್‌ಪೋರ್ಟ್ ಬಡಾವಣೆಯಲ್ಲಿ ನಮ್ಮ ಮೇಲಿನ ಮನೆಯವಳು. ಶಿರ್ವದ ಕಡೆಯ ಹುಡುಗಿ, ಹತ್ತಿರದ ಇಂಡಿಯನ್ ಶಾಲೆಯ ಆಫೀಸಿನಲ್ಲಿ ಕೆಲಸ, ಮೆಲನಿ ಎಂಬ ಒಬ್ಬಳೇ ಮಗಳು. ಗಂಡ ಟೆರೆನ್ಸ್ ಒಳ್ಳೆಯವನೇ. ಕುಡಿಯುವುದಿಲ್ಲ, ಶುಕ್ರವಾರದ ಚರ್ಚಿನ ಪೂಜೆ ತಪ್ಪಿಸುವುದಿಲ್ಲ. ಆದರೆ ಹೆಂಡತಿಯ ಹೊಟ್ಟೆಯ ವಿಷಯ ಹೆಂಡತಿಗಿಂತ ತನಗೇ ಚೆನ್ನಾಗಿ ಗೊತ್ತು ಎಂದುಕೊಂಡಿದ್ದ.

ಆ ಹೊಟ್ಟೆಯ ಬಲಗಡೆ, ಕೆಳಗೆ, ಆಗಾಗ ಯಾರೋ ಒಳಗಿಂದ ಹಿಂಡಿದಂತೆ ನೋವು. ಮೊದಲ ಸಲ ಇಲ್ಲಿಯ ಒಂದು ಕ್ಲಿನಿಕ್ಕಿಗೆ ಹೋದಾಗ ಅಂಡಾಶಯದಲ್ಲಿ ಸಿಸ್ಟ್ ಎಂಬ ಗಡ್ಡೆ ಇದೆ ಎಂದರಂತೆ. ಡಾಕ್ಟರ್ ಕೇಳಿದ್ದಕ್ಕೆಲ್ಲ ಟೆರೆನ್ಸೇ ಉತ್ತರ ಕೊಟ್ಟ, ಡಾಕ್ಟರ್ ಹೇಳಿದ್ದನ್ನೂ ಅವನೇ ಕೇಳಿಸಿಕೊಂಡ. ಹೊರಗೆ ಬಂದು ಹೆಂಡತಿಗೆ ಅದನ್ನೆಲ್ಲ ಒಂದೇ ಮಾತಿಗೆ ಇಳಿಸಿದ: "ಎಂತ ಇಲ್ಲ. ಊರಿಗೆ ಹೋದಾಗ ತೋರಿಸುವ."

ಊರಿಗೆ ಹೋದರು. ಅಲ್ಲಿ ಮೊದಲು ಚಿಕ್ಕಪ್ಪನ ಮಗಳ ರೋಸ್. ಮದುವೆಯ ಮುನ್ನಾದಿನ ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ ಅದು, ಕತಾರಿನಿಂದ ಬಂದ ನೆಂಟರು ಇಲ್ಲದಿದ್ದರೆ ಹೇಗೆ? ಆಮೇಲೆ ಮದುವೆ, ಆಮೇಲೆ ಇನ್ನೊಬ್ಬರ ಮನೆ ಒಕ್ಕಲು. ಡಾಕ್ಟರಿಗೆ ಹೊಟ್ಟೆ ತೋರಿಸುವಾಗ ರಜೆಯೇ ಮುಗಿಯುತ್ತಾ ಬಂದಿತ್ತು. "ತೆಗೆಯಬೇಕಾದೀತು. ಆದರೆ ಈ ವಾರವೇ ವಿಮಾನ ಹತ್ತುವವರನ್ನು ಕೊಯ್ದು ಕಳಿಸಲಿಕ್ಕೆ ಆಗ್ತದಾ? ದೋಹಾದಲ್ಲೇ ತೋರಿಸಿ" ಎಂದರು ಊರಿನ ಡಾಕ್ಟರ್. ದೋಹಾಕ್ಕೆ ಬಂದ ಮೇಲೆ ಟೆರೆನ್ಸ್, "ಅವರು ಅರ್ಜೆಂಟ್ ಅಂತ ಹೇಳ್ಲಿಲ್ಲ. ಬರುವ ಜುಲೈಗೆ ನೋಡುವ" ಎಂದ. ಮರುವರ್ಷವೂ ಅದೇ ಕಥೆ, ಮದುಮಗಳು ಮಾತ್ರ ಬೇರೆ. ವೀಸಾ ಇಲ್ಲದೆ, ಟಿಕೆಟ್ ಇಲ್ಲದೆ ಹೀಗೆ ಸಮುದ್ರ ದಾಟಿ ಹೋಗಿ ಬರುತ್ತಿದ್ದದ್ದು ಆ ಗಡ್ಡೆ ಒಂದೇ.

ಅವಳಿಗೆ ನೋವಿಗಿಂತ ಹೆಚ್ಚು ಕಾಡಿದ್ದು ಬೇರೆ. "ಅಕ್ಕಾ, ನನಗೆ ಇನ್ನೊಂದು ಮಗು ಬೇಕುಂಟು" ಎಂದಳು ಒಮ್ಮೆ, ನಮ್ಮ ಅಡುಗೆಮನೆಯಲ್ಲಿ ಬಿಸಿನೀರಿನ ಚೀಲವನ್ನು ಹೊಟ್ಟೆಗೆ ಒತ್ತಿಕೊಂಡು. "ಅಂಡಾಶಯವನ್ನೇ ತೆಗೀತಾರಾ, ಗಡ್ಡೆ ಮಾತ್ರವಾ? ಅದು ಕೆಟ್ಟದ್ದಾ, ಒಳ್ಳೇದಾ? ಇಷ್ಟು ವರ್ಷದಲ್ಲಿ ಒಬ್ಬರೂ ನನ್ನ ಮುಖ ನೋಡಿ ಹೇಳ್ಲಿಲ್ಲ."

ಹೇಳುವವರಿಗೇನೂ ಬರವಿರಲಿಲ್ಲ. ಎದುರುಮನೆಯ ಕಾಂತಾಮಣಿ ಮೈಸೂರಿನವರು, ಮೆಂತ್ಯದ ನೀರು ತಂದುಕೊಟ್ಟರು. "ನಮ್ಮ ಅತ್ತಿಗೆಗೂ ಇತ್ತು ಕಣಮ್ಮ, ಇದರಲ್ಲೇ ಕರಗಿಹೋಯ್ತು" ಎಂದರು. ಅತ್ತಿಗೆಗೆ ಇದ್ದದ್ದು ಪಿತ್ತಕೋಶದ ಕಲ್ಲು ಎಂದು ಆಮೇಲೆ ತಿಳಿಯಿತು. ನಮ್ಮ ವಾರದ ಜಪಮಾಲೆ ಪ್ರಾರ್ಥನೆಯನ್ನು ನಡೆಸುವ ಬೊನವೆಂಚರ್ ಅಂಕಲ್ ಎಲ್ಲರ ಕೋರಿಕೆಗಳನ್ನು ತಾವೇ ದೇವರಿಗೆ ಒಪ್ಪಿಸುವವರು. ಅವರು ಕಣ್ಣು ಮುಚ್ಚಿ, "ಸ್ವಾಮೀ, ನಮ್ಮ ರೆನಿಟಾಳಿಗೆ ಜುಲೈವರೆಗೆ ತಾಳಿಕೊಳ್ಳುವ ಶಕ್ತಿ ಕೊಡು" ಎಂದರು. ಎಲ್ಲರೂ ಆಮೆನ್ ಎಂದೆವು. ದೇವರಿಗೂ ರಜೆ ಸಿಗುವುದು ಜುಲೈಯಲ್ಲೇ ಎಂದು ಇವರಿಗೆ ಯಾರು ಹೇಳಿದರೋ ಎಂದುಕೊಂಡು ನಾನು ಮಣಿ ಎಣಿಸಿದೆ.

ಮುಂದಿನ ವಸಂತದಲ್ಲಿ ಒಂದು ವಾರ ಜಪಮಾಲೆ ರೆನಿಟಾಳ ಮನೆಯಲ್ಲೇ ಇತ್ತು. ಚಹಾದ ತಟ್ಟೆ ಹಿಡಿದು ಬಂದ ರೆನಿಟಾ ನಡುಕೋಣೆಯಲ್ಲೇ ಮಡಚಿಕೊಂಡು ಕುಳಿತುಬಿಟ್ಟಳು. ಹಣೆಯ ಮೇಲೆ ಬೆವರು.

"ಇನ್ನೆಂತ, ಟಿಕೆಟ್ ಆಗಿದೆ ಮಾರಾಯ್ತಿ. ಸ್ವಲ್ಪ ದಿನ" ಎಂದ ಟೆರೆನ್ಸ್, ತಟ್ಟೆಯನ್ನು ಜೋಪಾನವಾಗಿ ತೆಗೆದಿಟ್ಟು.

ಅವಳು ಮರುದಿನ ಬೆಳಿಗ್ಗೆ ಶಾಲೆಗೆ ರಜೆ ಹಾಕಿ ನನ್ನ ಬಾಗಿಲು ತಟ್ಟಿದಳು. "ಅಕ್ಕಾ, ಬರ್ತೀರಾ? ನೀವು ಮಾತಾಡ್ಬೇಡಿ, ಕೇಳಿಸಿಕೊಳ್ಳಿ ಸಾಕು." ನನಗೆ ಬರುವ ಕೆಲಸ ಅದೊಂದೇ. ಟ್ಯಾಕ್ಸಿ ಹಿಡಿದು ಇಲ್ಲಿಯದೇ ಆಸ್ಪತ್ರೆಗೆ ಹೊರಟೆವು.

ಡಾಕ್ಟರ್ ಸುಬೈದಾ ಕೇರಳದವರು, ಸಮಾಧಾನದ ಹೆಂಗಸು. ಅವರು ಸ್ಕ್ಯಾನ್ ಮುಗಿಸಿ ಕುಳಿತಾಗ, ವಿಷಯ ತಿಳಿದ ಟೆರೆನ್ಸ್ ಆಫೀಸಿನಿಂದ ಓಡಿಬಂದು ಕುರ್ಚಿ ಎಳೆದುಕೊಂಡ.

"ಡಾಕ್ಟರ್, ಆಕ್ಚುವಲಿ ಇವಳಿಗೆ ಸ್ವಲ್ಪ ನೋವು, ಅಷ್ಟೇ..."

"ನೋವು ಯಾರಿಗೆ?" ಎಂದರು ಡಾಕ್ಟರ್.

"ಇವಳಿಗೆ."

"ಹಾಗಾದರೆ ಅವರೇ ಹೇಳಲಿ."

ರೆನಿಟಾ ನಮ್ಮ ಅಡುಗೆಮನೆಯಲ್ಲಿ ಕೇಳಿದ್ದನ್ನೆಲ್ಲ ಅಲ್ಲಿ ಒಂದೊಂದಾಗಿ ಕೇಳಿದಳು. ಡಾಕ್ಟರ್ ಅವಳ ಮುಖ ನೋಡಿಯೇ ಉತ್ತರಿಸಿದರು. ಇದು ತಾನಾಗಿ ಕರಗುವ ನೀರಿನ ಗುಳ್ಳೆಯಲ್ಲ, ಡರ್ಮಾಯ್ಡ್ ಎಂಬ ಗಡ್ಡೆ. ಒಳಗೆ ಕೊಬ್ಬು, ಕೂದಲು, ಕೆಲವೊಮ್ಮೆ ಹಲ್ಲು ಕೂಡ ಇರುತ್ತದೆ. ನೋಡಿದರೆ ಕ್ಯಾನ್ಸರಿನಂತೆ ಕಾಣುವುದಿಲ್ಲ, ತೆಗೆದ ಮೇಲೆ ಪರೀಕ್ಷೆಗೆ ಕಳಿಸಿ ಖಚಿತ ಮಾಡಿಕೊಳ್ಳೋಣ. ಗಡ್ಡೆಯನ್ನಷ್ಟೇ ಬಿಡಿಸಿ ಅಂಡಾಶಯ ಉಳಿಸಲು ಸಾಮಾನ್ಯವಾಗಿ ಆಗುತ್ತದೆ. ಇನ್ನೊಂದು ಅಂಡಾಶಯ ಚೆನ್ನಾಗಿದೆ, ಮಗುವಿನ ಆಸೆ ಬಿಡಬೇಕಾಗಿಲ್ಲ. "ಆದರೆ ಇದು ಇಷ್ಟು ದೊಡ್ಡದಾಗಿದೆ, ಅಂಡಾಶಯವನ್ನೇ ತಿರುಚಿಬಿಡಬಹುದು. ಆಗ ಉಳಿಸುವುದು ಕಷ್ಟ. ಒಮ್ಮೆಲೇ ತಡೆಯಲಾರದ ನೋವು ಬಂದು ವಾಂತಿಯಾದರೆ ನೇರ ಎಮರ್ಜೆನ್ಸಿಗೆ ಬನ್ನಿ."

"ಡಾಕ್ಟರ್, ನಾವು ಜುಲೈಗೆ ಊರಿಗೆ..." ಎಂದ ಟೆರೆನ್ಸ್.

"ಜುಲೈವರೆಗೆ ತಿರುಚಬೇಡ ಎಂದು ಅದಕ್ಕೆ ಹೇಳಿದ್ದೀರಾ?"

ರೆನಿಟಾ ಗಂಡನ ಕಡೆ ತಿರುಗಿ, "ಹಲ್ಲೂ ಇರಬಹುದಂತೆ ಟೆರಿ. ಅದಕ್ಕೇ ಕಚ್ಚುತ್ತಿತ್ತು" ಎಂದಳು. ಮತ್ತೆ ಡಾಕ್ಟರಿಗೆ, "ಇಲ್ಲೇ ಮಾಡಿ. ನಿಮಗೆ ಯಾವಾಗ ಆಗ್ತದೋ ಆವಾಗ. ಖಲಾಸ್" ಎಂದಳು.

ಗಡ್ಡೆ ತೆಗೆದರು, ಅಂಡಾಶಯ ಉಳಿಯಿತು. ಕ್ಯಾನ್ಸರ್ ಅಲ್ಲ ಎಂಬ ಫಲಿತಾಂಶವನ್ನು ಡಾಕ್ಟರ್ ಅವಳಿಗೇ ಫೋನು ಮಾಡಿ ಹೇಳಿದರು. ಟೆರೆನ್ಸ್ ಮಾತ್ರ ಈಗ ಭೇಟಿಯಾದವರಿಗೆಲ್ಲ, "ತಡ ಮಾಡಬಾರದು ಅಂತ ನಾನೇ ಗಟ್ಟಿ ಹಿಡಿದೆ" ಎನ್ನುತ್ತಾನೆ. ಅವಳು ತಿದ್ದುವುದಿಲ್ಲ. ಅಷ್ಟು ಸುಖ ಅವನಿಗೂ ಇರಲಿ ಎನ್ನುತ್ತಾಳೆ.

ಚೇತರಿಸಿಕೊಂಡ ಮೇಲೆ ಅವಳು ಜಪಮಾಲೆಗೆ ಬಂದ ಸಂಜೆ ಬೊನವೆಂಚರ್ ಅಂಕಲ್ ಪುಸ್ತಕವನ್ನು ಮೂಗಿಗೆ ತಾಗಿಸಿ ಓದುತ್ತಿದ್ದರು. ಕಣ್ಣಿಗೆ ಪೊರೆ ಬಂದಿದೆಯಂತೆ, ಜುಲೈಗೆ ಇಟ್ಟಿದ್ದಾರಂತೆ. ಕೋರಿಕೆಯ ಹೊತ್ತು ಬಂತು. ಅವರು ಬಾಯಿ ತೆರೆಯುವ ಮೊದಲೇ ರೆನಿಟಾ ತಾನೇ ಹೇಳಿದಳು:

"ಅಂಕಲ್‌ಗೆ ನಾಳೆ ಬೆಳಿಗ್ಗೆಯೇ ಕಣ್ಣು ತೋರಿಸುವ ಬುದ್ಧಿ ಕೊಡು, ಸ್ವಾಮೀ."

ಆಮೆನ್ ಎಂದೆ. ಆ ದಿನ ನನ್ನ ಸ್ವರವೇ ಎಲ್ಲರಿಗಿಂತ ಜೋರಾಗಿತ್ತು.