ಧನು ರಾಶಿಯ ನಕ್ಷತ್ರ, ನಮ್ಮ ಅಂಗಳದ ದೀಪ

ಬೆಳಗೋಡಿನ ಹತ್ತಿರದ ಕಾಫಿ ತೋಟದ ಮನೆಗೆ ನಾನು ಸೊಸೆಯಾಗಿ ಬಂದಾಗ ನನ್ನ ಜೊತೆ ಒಂದು ದೂರದರ್ಶಕವೂ ಬಂತು. ಆಲೂರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಿದ್ದೆ. ನನ್ನ ಆಕಾಶದ ಹುಚ್ಚನ್ನು ಮನೆಯವರು ಸಹಿಸಿಕೊಂಡಿದ್ದರು, ಅಷ್ಟೆ.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಒಂದು ಮೇ ತಿಂಗಳು. ಸಕಲೇಶಪುರದ ಇಂಟರ್ನೆಟ್ ಸೆಂಟರಿನಲ್ಲಿ ಮೇಲ್ ತೆರೆದೆ. ಆಕಾಶಗಂಗೆಯ ನಡುಭಾಗದಲ್ಲಿ, ಧನು ರಾಶಿಯ ಕಡೆ, ಮಂಕು ನಕ್ಷತ್ರವೊಂದು ದಿನೇ ದಿನೇ ಬೆಳಗುತ್ತಿದೆ ಎಂದು ವಿದೇಶದ ವೀಕ್ಷಕರು ನನ್ನಂಥ ಹವ್ಯಾಸಿಗಳಿಗೆಲ್ಲ ತಿಳಿಸಿದ್ದರು. ಅದರ ಮುಂದೆ ನಮಗೆ ಕಾಣದ ಇನ್ನೊಂದು ನಕ್ಷತ್ರ ಹಾದುಹೋಗುತ್ತಿತ್ತು. ಅದರ ಗುರುತ್ವ ಹಿಂದಿನ ಬೆಳಕನ್ನು ಮಸೂರದಂತೆ ಬಗ್ಗಿಸುತ್ತಿತ್ತು. ಕಾಣದ ಆ ನಕ್ಷತ್ರಕ್ಕೆ ಗ್ರಹವಿದ್ದರೆ ಬೆಳಕು ಕೆಲವೇ ಗಂಟೆ ಸಣ್ಣಗೆ ಏರಿಳಿಯುತ್ತದೆ. ಅದನ್ನು ಹಿಡಿಯಲು ಭೂಮಿಯ ಎಲ್ಲ ಕಡೆಯೂ ಯಾರಾದರೂ ಎದ್ದಿರಬೇಕು. ನಮ್ಮ ಕಡೆಯ ರಾತ್ರಿಯನ್ನು ನೋಡಿಕೊಳ್ಳಲು ನಾನು ಒಪ್ಪಿಕೊಂಡೆ.

ದೂರದರ್ಶಕಕ್ಕೆ ಜೋಡಿಸುವ ಕ್ಯಾಮೆರಾಗೆ ಕರೆಂಟು ಬೇಕು, ತೋಟದೊಳಗೆ ಆನೆಯ ಭಯ. ಅಂಗಳ ಬಿಟ್ಟರೆ ಬೇರೆ ಜಾಗವಿರಲಿಲ್ಲ. ಅಲ್ಲೋ, ಆನೆ ಬಾರದಿರಲೆಂದು ಹಾಕಿಸಿದ ದೊಡ್ಡ ದೀಪ. ನಕ್ಷತ್ರ ಅತಿ ಹೆಚ್ಚು ಬೆಳಗುವ ರಾತ್ರಿ ಅದನ್ನು ಆರಿಸಬೇಕೆಂದು ಭಾವನನ್ನು, ಅಂದರೆ ನನ್ನ ಗಂಡನ ಅಣ್ಣನನ್ನು, ಮೊದಲೇ ಕೇಳಿದೆ.

"ಒಂದ್ ರಾತ್ರಿ ತಾನೆ? ಆರ್‍ಸಾನ ಬುಡಮ್ಮ," ಅಂದರು.

ಆ ರಾತ್ರಿ ಮೋಡವಿರಲಿಲ್ಲ. ಆದರೆ ಭಾವನ ಸ್ನೇಹಿತರು ಬಂದಿದ್ದರು. ಅಂಗಳದಲ್ಲೇ ಮೇಜು ಹಾಕಿ ಇಸ್ಪೀಟಿಗೆ ಕೂತಿದ್ದರು. ದೀಪ ಉರಿಯುತ್ತಿತ್ತು.

"ಭಾವ, ಒಂದೆರಡು ಗಂಟೆ ಆರಿಸ್ತೀರಾ? ನೀವು ಹೇಳಿದ್ರಲ್ಲ."

"ಎಲೆ ಕಾಣಬೇಕಲ್ಲ ಕಣಮ್ಮ! ನಕ್ಷತ್ರ ಎಲ್ಲಿ ಓಡೋಯ್ತದೆ? ಅಲ್ಲೇ ಐತೆ, ನಾಳೆ ನೋಡು."

ಎಲ್ಲರೂ ನಕ್ಕರು. ನಾನು ಗಂಡನ ಮುಖ ನೋಡಿದೆ. ಅವರು ಕೈಯಲ್ಲಿದ್ದ ಎಲೆಗಳಿಂದ ಕಣ್ಣೆತ್ತದೆಯೇ ಅಂದರು:

"ಒಳಗ್ ಹೋಗು. ಬಂದೋರ ಮುಂದೆ ಏನಿದು?"

ಒಳಗೆ ಹೋಗಲಿಲ್ಲ. ಹಟಕ್ಕೆ ಚಿತ್ರಗಳನ್ನು ತೆಗೆದೆ. ಎಲ್ಲವೂ ಬರೀ ಬೆಳ್ಳಗೆ ಬಂದವು. ಮಾರನೆಯ ದಿನ ಮೋಡ ಕವಿಯಿತು, ಆಮೇಲೆ ಮಳೆ ಹಿಡಿಯಿತು. ಇಂಥ ಹೊಳಪು ಒಂದು ನಕ್ಷತ್ರಕ್ಕೆ ಮತ್ತೆ ಬರುವುದಿಲ್ಲವೆಂದೇ ಹೇಳಬೇಕು.

ತಿಂಗಳುಗಳ ನಂತರ ಮೇಲ್ ಬಂತು. ಗ್ರಹವಿರಬಹುದೆಂಬ ಸುಳಿವು ಸಿಕ್ಕಿತ್ತಂತೆ. ಆದರೆ ನಮ್ಮಲ್ಲಿ ರಾತ್ರಿಯಾಗಿದ್ದ ಆ ಹೊತ್ತಿನ ಅಳತೆ ಯಾರ ಹತ್ತಿರವೂ ಇರಲಿಲ್ಲ. ಇತ್ತೋ ಇಲ್ಲವೋ ಹೇಳಲಾಗದು ಎಂದು ಬರೆದಿದ್ದರು. ಯಾರೂ ನನ್ನನ್ನು ದೂರಿರಲಿಲ್ಲ. ಗಂಡನಿಗೆ ಓದಿ ಹೇಳಿದೆ.

"ಹೋಗ್ಲಿ ಬಿಡು, ಅದರಿಂದ ಯಾರಿಗೇನು?" ಅಂದರು.

ದೂರದರ್ಶಕವನ್ನು ಕಾಲೇಜಿಗೆ ಕೊಟ್ಟುಬಿಟ್ಟೆ. ಆ ಮನೆಯಲ್ಲಿ ನನಗಾಗಿ ಮತ್ತೆ ಏನನ್ನೂ ಕೇಳಲಿಲ್ಲ. ಕೆಲವು ವರ್ಷಗಳ ಮೇಲೆ, ನೆಂಟರ ಮದುವೆಯಲ್ಲಿ, ಗಂಡ ಯಾರಿಗೋ ಹೆಮ್ಮೆಯಿಂದ ಹೇಳುತ್ತಿದ್ದರು: "ನಮ್ಮ ಮನೆಯವ್ರು ಆಕಾಶನೆಲ್ಲ ಅಳೀತಾರೆ ಕಣ್ರೀ."

ನಾನು ಊಟದ ಎಲೆ ಬಿಟ್ಟು ಎದ್ದೆ.