ಟಾಪ್ ಮೇಲಿನ ಎರಡು ಲೈಟು

ತೂಬಗೆರೆ ಕಡೆಯ ನಮ್ಮ ಹೂವಿನ ತೋಟಕ್ಕೆ ಹೋಗುವ ದಾರಿ ಬರೀ ಬಂಡೆ, ಕೊರಕಲು. ಅದಕ್ಕೆಂದೇ ನಾಲ್ಕೂ ಚಕ್ರ ಎಳೆಯುವ ಹಳೆಯ ಜೀಪು ಇಟ್ಟುಕೊಂಡಿದ್ದೇನೆ. ಹೋದ ವರ್ಷ ಅದರ ಟಾಪ್ ಮೇಲೆ ಎರಡು ಹೆಚ್ಚುವರಿ ಲೈಟು ಹಾಕಿಸಿದೆ. ಮೇಲಿದ್ದರೆ ಕಲ್ಲಿಗೆ ತಾಗುವುದಿಲ್ಲ, ಬೆಳಕು ದೂರ ಬೀಳುತ್ತದೆ. ನಾನು ಯೋಚಿಸಿದ್ದು ಅಷ್ಟೇ.

ಜನವರಿಯ ಒಂದು ಬೆಳಗಿನ ಜಾವ ಸೇವಂತಿಗೆ ಮೂಟೆ ತುಂಬಿಕೊಂಡು ತೋಟದಿಂದ ಇಳಿದೆ. ಮಂಜು ಕವಿದಿತ್ತು. ಕೆರೆ ಏರಿಯ ಟಾರು ರಸ್ತೆಗೆ ಹತ್ತಿದೊಡನೆ ಆ ಲೈಟುಗಳನ್ನು ಆರಿಸಬೇಕಿತ್ತು. ಆರಿಸಲಿಲ್ಲ. ಎದುರಿನಿಂದ ಒಂದು ಮೊಪೆಡ್ ಬರುತ್ತಿತ್ತು. ನಾನು ನಿಧಾನಿಸಿದೆ. ಇಬ್ಬರಿಗೂ ಸಾಕಾಗುವಷ್ಟು ಜಾಗವಿತ್ತು; ಆಮೇಲೆ ಹೆಜ್ಜೆ ಹಾಕಿ ಅಳೆದು ನೋಡಿದ್ದೇನೆ. ಆದರೂ ಮೊಪೆಡ್ ಅಂಚಿಗೆ, ಇನ್ನೂ ಅಂಚಿಗೆ ಸರಿಯಿತು. ಟಾರು ಬಿಟ್ಟಿತು. ಪಕ್ಕದ ಮಣ್ಣೂ ಮುಗಿಯಿತು. ಹಾಲಿನ ಕ್ಯಾನು ಏರಿಯ ಕಲ್ಲುಗಳ ಮೇಲೆ ಉರುಳುವ ಸದ್ದು ಕೇಳಿಸಿತು. ಮನುಷ್ಯನ ಸದ್ದು ಕೇಳಿಸಲಿಲ್ಲ.

ಇಳಿದು ಓಡಿದೆ. ನಮ್ಮೂರಿನವನೇ, ಡೈರಿಗೆ ಹಾಲು ಹಾಕುವವನು. ಬಲಗೈ ಮಣಿಕಟ್ಟು ಮುರಿದಿತ್ತು. ದೊಡ್ಡಬಳ್ಳಾಪುರದ ಆಸ್ಪತ್ರೆ ಮುಟ್ಟುವವರೆಗೂ ಅವನದು ಒಂದೇ ಮಾತು: “ಟಿಪ್ಪರ್ ಅಂದ್ಕೊಂಡ್ಬಿಟ್ಟೆ ಕಣಣ್ಣ. ಅಷ್ಟೆತ್ತರಕ್ಕೆ ಲೈಟು ಇತ್ತಲ್ಲ.”

ಕಲ್ಲು ಕ್ವಾರಿಯ ಟಿಪ್ಪರ್ ಲಾರಿಗಳು ಆ ಏರಿಯ ಮೇಲೇ ಓಡಾಡುತ್ತವೆ. ಮಂಜಿನಲ್ಲಿ ಗಾಡಿ ಕಾಣುವುದಿಲ್ಲ, ಲೈಟಷ್ಟೇ ಕಾಣುತ್ತದೆ; ನಾನು ಹಾಕಿಸಿದ್ದ ಎರಡರ ಮುಂದೆ ಜೀಪಿನ ಹೆಡ್‌ಲೈಟು ತೀರಾ ಮಂಕು. ಅದು ಎಷ್ಟು ಎತ್ತರದಲ್ಲಿದೆ ಎಂದು ನೋಡಿಯೇ ನಮ್ಮವರು ಎಷ್ಟು ಜಾಗ ಬಿಡಬೇಕೆಂದು ಅಂದಾಜು ಮಾಡುತ್ತಾರೆ. ಅವನು ಟಿಪ್ಪರಿಗೆ ಬೇಕಾಗುವಷ್ಟು ಬಿಟ್ಟಿದ್ದ.

ಲೈಟು ಇಲ್ಲದೆ ಕೊರಕಲಿನಲ್ಲಿ ಇಳಿಯಲಾಗದು. ಆದರೆ ನಾನು ಮತ್ತೊಮ್ಮೆ ಆರಿಸಲು ಮರೆತರೂ ಯಾರೂ ಬೀಳಬಾರದು. “ಬಂಪರ್ ಮಧ್ಯಕ್ಕೆ ಕೂರಿಸ್ತೀನಿ ಸಾರ್, ಚೆನ್ನಾಗ್ ಕಾಣುತ್ತೆ,” ಎಂದ, ಟಾಪ್‌ನಿಂದ ಲೈಟು ಕೆಳಗಿಳಿಸಲು ನಾನು ಕರೆಸಿದ್ದ ಎಲೆಕ್ಟ್ರಿಷಿಯನ್. ಯಾರಿಗೆ ಹೇಗೆ ಕಾಣುತ್ತದೆ ಎಂದು ಹೇಳಬಲ್ಲವನು ಒಬ್ಬನೇ ಇದ್ದ. ಆ ಹಾಲಿನವನ ಮನೆಗೆ ಹೋಗಿ, ಬಂದು ನೋಡುತ್ತೀಯಾ ಎಂದು ಕೇಳಿದೆ. ಬಂದ.

ಮುಸ್ಸಂಜೆ ಅವನನ್ನು ಏರಿಯ ಮೇಲೆ ನಿಲ್ಲಿಸಿ, ಲೈಟುಗಳನ್ನು ಬಂಪರಿನ ಮಧ್ಯಕ್ಕೆ ತಂತಿಯಿಂದ ಬಿಗಿದು, ಎಲೆಕ್ಟ್ರಿಷಿಯನ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು ದೂರದಿಂದ ನಿಧಾನವಾಗಿ ಬಂದೆ.

“ಬೈಕ್ ಥರ ಐತಲ್ಲಣ್ಣ!” ಎಂದು ಕೂಗಿದ. “ಇದನ್ನ ನಂಬ್ಕೊಂಡು ಪಕ್ಕದಾಗೆ ಬಂದ್ರೆ ಇನ್ನೊಂದ್ ಕೈನೂ ಹೋಯ್ತು.”

“ಇವ್ರೇನ್ ಸಾರ್, ಆರ್‌ಟಿಓ ಇನ್ಸ್‌ಪೆಕ್ಟ್ರಾ?” ಎಂದ ಎಲೆಕ್ಟ್ರಿಷಿಯನ್.

“ಲೈಸೆನ್ಸ್ ಕೈಗೇ ಕಟ್ಟವ್ರೆ, ನೋಡ್ಕೊ ಗುರು,” ಎಂದು ಅವನು ಪ್ಲಾಸ್ಟರ್ ಎತ್ತಿ ತೋರಿಸಿದ. ಅವರಿಬ್ಬರೂ ನಕ್ಕರು.

ಲೈಟುಗಳನ್ನು ಬಂಪರಿನ ಎರಡು ತುದಿಗೆ ಸರಿಸಿ, ಮೂತಿ ನೆಲಕ್ಕೆ ಬಗ್ಗಿಸಿದೆವು. ಹಿಂದಕ್ಕೆ ಹೋಗಿ ಮತ್ತೆ ಬಂದೆ.

“ಈಗ ಜೀಪು! ಅಗಲ ಗೊತ್ತಾಗ್ತೈತೆ, ಬಾ!”

ಅವನು ಟಾರಿನ ಮೇಲೇ ನಿಂತಿದ್ದ. ನಾನು ಹತ್ತಿರವಾದಂತೆ ಅವನ ಒಂದು ಪಾದ ಮಣ್ಣಿಗೆ ಇಳಿಯಿತು. ಆಮೇಲೆ ಇನ್ನೊಂದು. ಬ್ರೇಕು ಒತ್ತಿ ನಿಲ್ಲಿಸಿದೆ.

“ಯಾಕಪ್ಪಾ, ಕಣ್ಣಿಗೆ ಹೊಡೀತಾ?”

ಅವನು ತನ್ನ ಕಾಲುಗಳನ್ನೇ ನೋಡಿಕೊಂಡ. “ಇಲ್ಲಣ್ಣ. ಲೈಟು ಸರಿಯಾಗೈತೆ. ಅಲ್ಲೇ ಹಾಕ್ಸು. ಕಾಲು ತಾನೇ ಹೋಯ್ತು.”

ಎಲೆಕ್ಟ್ರಿಷಿಯನ್ ತೂತು ಕೊರೆಯಬೇಕಾದ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿದ. ನಾನು ಎಂಜಿನ್ ಆರಿಸಿ, ಹಾಲಿನವನು ಟಾರಿನ ಮೇಲಕ್ಕೆ ಮರಳುವವರೆಗೂ ಹಾಗೇ ಕೂತಿದ್ದೆ.