ಫ್ಯಾನಿನ ಪಕ್ಕದ ಹನ್ನೆರಡು ಚೌಕ

ನಮ್ಮ ಕಸುಬಿನವರೆಲ್ಲ ಅವನನ್ನು ಸೈರನ್ ಅಂತ ಕರೆಯುತ್ತಿದ್ದೆವು. ಹುಟ್ಟಿದಾಗಿನಿಂದ ಯಾರ ಮುಂದೆಯೂ ದನಿ ಎತ್ತದವನಿಗೆ ಅದಕ್ಕಿಂತ ಒಳ್ಳೆಯ ಹೆಸರು ಬೇಕೆ? ಹೋಟೆಲಿನಲ್ಲಿ ತಣ್ಣಗಾದ ಟೀ ತಂದಿಟ್ಟರೂ ತುಟಿ ಪಿಟಕ್ಕೆನ್ನದೆ ಕುಡಿದು ಏಳುವ ಆಸಾಮಿ. ಆದರೆ ಕ್ಯಾಮೆರಾಗೆ ಅಲಾರಂ ಕೂರಿಸುವುದರಲ್ಲಿ ಅವನ ಸರಿಸಮ ಯಾರೂ ಇರಲಿಲ್ಲ. ನಾನು ಕೇಬಲ್ ಎಳೆಯುವವನು. ಹದಿನಾಲ್ಕು ವರ್ಷ ಅವನ ಜೊತೆ ಏಣಿ ಹೊತ್ತಿದ್ದೇನೆ. ಅವನ ಬಗ್ಗೆ ಹೇಳುವ ಹಕ್ಕು ನನಗಿದೆ, ಒಳ್ಳೆಯದನ್ನೇ ಹೇಳಬೇಕೆಂಬ ಹಂಗಿಲ್ಲ.

ಗೋಡೆಗೆ ಕ್ಯಾಮೆರಾ ಹೊಡೆಯುವುದು ಯಾರಿಂದಲೂ ಆದೀತು. ಅದು ಯಾವಾಗ ಕೂಗಬೇಕು, ಯಾವಾಗ ಬಾಯಿ ಮುಚ್ಚಿಕೊಂಡಿರಬೇಕು ಅಂತ ಕಲಿಸುವುದೇ ಕಷ್ಟ. ಕಂಪ್ಯೂಟರಿನಲ್ಲಿ ಅದರ ಚಿತ್ರ ತೆರೆದರೆ ಮೇಲೊಂದು ಸಣ್ಣ ಸಣ್ಣ ಚೌಕಗಳ ಬಲೆ ಬರುತ್ತದೆ. ಯಾವ ಚೌಕದ ಅಲುಗಾಟವನ್ನು ಗಮನಿಸಬೇಕೋ ಅದಕ್ಕೆ ಬಣ್ಣ ಬಳಿಯಬೇಕು, ಬೇಡದ್ದನ್ನು ಅಳಿಸಬೇಕು. ಎಷ್ಟು ಅಲುಗಿದರೆ, ಎಷ್ಟು ಹೊತ್ತು ಇದ್ದರೆ, ಯಾವ ಗಂಟೆಯಿಂದ ಯಾವ ಗಂಟೆಯವರೆಗೆ, ಎಲ್ಲವನ್ನೂ ಹೇಳಿಕೊಡಬೇಕು. ಇಲ್ಲದಿದ್ದರೆ ಲೆನ್ಸಿನ ಮೇಲೆ ಜೇಡ ಹರಿದರೂ ಕಳ್ಳ ಬಂದ ಅಂತ ಬಾಯಿ ಬಡಿದುಕೊಳ್ಳುತ್ತದೆ. ನಾಲ್ಕು ದಿನ ಹಾಗೆ ಸುಳ್ಳು ಕೂಗಿತೋ, ಐದನೆಯ ದಿನ ಅದರ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಸೈರನ್ ಕೂರಿಸಿದ ಅಲಾರಂ ಒಮ್ಮೆಯೂ ಸುಳ್ಳು ಹೇಳಿದ್ದಿಲ್ಲ.

ಪಾರ್ಸೆಲ್ ಗೋದಾಮಿನವರು ನಮ್ಮನ್ನು ಕರೆಸಿದ್ದು ಕಳ್ಳರನ್ನು ಹಿಡಿಯುವುದಕ್ಕಲ್ಲ, ತಮ್ಮ ಕೆಲಸದವರನ್ನು ಹಿಡಿಯುವುದಕ್ಕೆ. ದಿನವಿಡೀ ಕೈಗಾಡಿ ತಳ್ಳುತ್ತಾ, ಕಪಾಟಿನಿಂದ ಕಪಾಟಿಗೆ ನಡೆದು ಸಾಮಾನು ಆರಿಸಿ ತರುವವರು ಅವರು. ಒಂದೇ ಕಡೆ ತೊಂಬತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಯಾರಾದರೂ ಉಳಿದರೆ ಮ್ಯಾನೇಜರ್ ಮೇಜಿನ ಮೇಲಿನ ಕೆಂಪು ದೀಪ ಹತ್ತಬೇಕು, ಫೋಟೋ ಉಳಿಯಬೇಕು. ತಿಂಗಳಲ್ಲಿ ಮೂರು ಸಲ ದೀಪ ಹತ್ತಿಸಿದವರು ಮನೆಗೆ. ಕೆಲಸ ಖಾಯಂ ಆದವರಿಗೆ ಮಾತ್ರ ಈ ನಿಯಮ ಇಲ್ಲ. ಮನುಷ್ಯರಿಗೆ ಮೊಣಕಾಲು ಅಂತ ಒಂದಿದೆ ಎಂಬುದು ಈ ನಿಯಮ ಬರೆದವನಿಗೆ ತಿಳಿದಿತ್ತೋ ಇಲ್ಲವೋ, ನಾನು ಕಾಣೆ.

ಸೈರನ್ನನ ಅಕ್ಕ ಅಲ್ಲೇ ಕೆಲಸಕ್ಕಿದ್ದಳು. ಅಪ್ಪ ಅಮ್ಮ ಹೋದ ಮೇಲೆ ಹದಿನಾರನೆಯ ವಯಸ್ಸಿಗೇ ಕೆಲಸಕ್ಕೆ ಸೇರಿ, ಇವನನ್ನು ಓದಿಸಿ, ಕೈಗೊಂದು ಕಸುಬು ಹಿಡಿಸಿದವಳು. ಮದುವೆಯ ಮಾತು ಬಂದಾಗಲೆಲ್ಲ ಇವನದಾಗಲಿ ಎಂದಳು. ಇವನದಾಯಿತು, ಅವಳದು ಆಗಲೇ ಇಲ್ಲ. ಈಗ ಐವತ್ತು ದಾಟಿ, ಎರಡೂ ಮೊಣಕಾಲು ಊದಿ ದಿಂಬಿನಂತಾಗಿದ್ದವು. ಇನ್ನು ನಾಲ್ಕು ತಿಂಗಳು ತಳ್ಳಿದರೆ ಕೆಲಸ ಖಾಯಂ, ಆಮೇಲೆ ಕೂತು ಲೇಬಲ್ ಅಂಟಿಸುವ ಮೇಜು. ಆ ಮೇಜಿನ ಮೇಲೆ ಅವಳ ಜೀವವೇ ಇತ್ತು. ಸಂಬಂಧಿಕರು ಒಳಗಿದ್ದರೆ ಕ್ಯಾಮೆರಾ ಕೆಲಸ ಕೊಡುವುದಿಲ್ಲ ಎಂಬ ಕಾಗದಕ್ಕೆ ಸೈರನ್ ಯಾರೂ ಇಲ್ಲ ಅಂತ ಸಹಿ ಹಾಕಿದ್ದ. ನನಗೂ ಬಾಯಿಗೆ ಬೀಗ ಹಾಕಿಕೋ ಅಂದಿದ್ದ.

ಗೋದಾಮಿನ ಹಿಂದಿನ ಮೂಲೆಯಲ್ಲಿ ಆಳೆತ್ತರದ ಫ್ಯಾನು. ಅದರ ಗಾಳಿಗೆ ಪಕ್ಕದ ಪ್ಲಾಸ್ಟಿಕ್ ಪರದೆ ಸದಾ ಹಾರಾಡುತ್ತಿತ್ತು. ಬಿಟ್ಟರೆ ನಿಮಿಷಕ್ಕೊಂದು ಸುಳ್ಳು ಅಲಾರಂ ಗ್ಯಾರಂಟಿ. ಅದಕ್ಕೆ ಅಲ್ಲಿನ ನಾಲ್ಕು ಚೌಕ ಅಳಿಸಿದರೆ ಸಾಕಿತ್ತು. ಸೈರನ್ ಹನ್ನೆರಡು ಅಳಿಸಿದ. ಒಬ್ಬ ಹೆಂಗಸು ರಟ್ಟಿನ ಪೆಟ್ಟಿಗೆ ಹಾಕಿಕೊಂಡು ಕಾಲು ಚಾಚಿ ಕೂರುವಷ್ಟು ಜಾಗ ಕ್ಯಾಮೆರಾ ಪಾಲಿಗೆ ಇಲ್ಲವೇ ಇಲ್ಲ ಎಂಬಂತಾಯಿತು. ಅವನ ಜೀವಮಾನದಲ್ಲಿ ಅವನು ತೋರಿಸಿದ ಧೈರ್ಯ ಅಷ್ಟೇ, ಎಂಟು ಚೌಕದಷ್ಟು.

ತಮ್ಮ ಗುಟ್ಟಾಗಿ ಹೇಳಿಕೊಟ್ಟಂತೆ ಅಕ್ಕ ದಿನಾ ನಾಲ್ಕು ಗಂಟೆಗೆ ಅಲ್ಲಿ ಐದು ನಿಮಿಷ ಕೂರುತ್ತಿದ್ದಳು. ತನ್ನ ಪಾಡಿಗೆ ತಾನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಏಳು ತಿಂಗಳ ಬಸುರಿಯೊಬ್ಬಳು ಕಪಾಟು ಹಿಡಿದು ನಿಂತಿದ್ದನ್ನು ಕಂಡು, "ಫ್ಯಾನಿನ ಹತ್ರ ಹೋಗಿ ಕೂತ್ಕೊಳ್ಳಮ್ಮ, ಅಲ್ಲಿ ದೀಪ ಹತ್ತಲ್ಲ," ಅಂದುಬಿಟ್ಟಳು. ಬಸುರಿ ಇನ್ನೊಬ್ಬಳಿಗೆ ಹೇಳಿದಳು, ಅವಳು ಮತ್ತೊಬ್ಬನಿಗೆ. ಹದಿನೈದು ದಿನದಲ್ಲಿ ಆ ಮೂಲೆ ಬಸ್ ಸ್ಟ್ಯಾಂಡ್ ಆಯಿತು. ಅಕ್ಕ ಅಲ್ಲಿ ಜಾಗ ಸಿಗದೆ ಬೇರೆಲ್ಲೋ ಕೂತಿದ್ದಕ್ಕೆ ಅದೇ ತಿಂಗಳು ಎರಡು ಸಲ ದೀಪ ಹತ್ತಿತು. ಮೂರನೆಯದಕ್ಕೆ ಕೆಲಸವೂ ಇಲ್ಲ, ಮೇಜೂ ಇಲ್ಲ.

ಮ್ಯಾನೇಜರ್ ಒಂದು ಮಧ್ಯಾಹ್ನ ನಮ್ಮನ್ನು ಮೇಲಿನ ಆಫೀಸಿಗೆ ಕರೆಸಿದ.

"ಅಲ್ಲಿ ಮೂರು ಜನ ಕೂತಿದ್ರು ರೀ. ನಾನೇ ಕಣ್ಣಾರೆ ನೋಡ್ದೆ. ದೀಪ ಯಾಕೆ ಹತ್ತಲಿಲ್ಲ?"

"ಫ್ಯಾನಿದೆ ಸರ್," ಅಂದ ಸೈರನ್. "ಪರದೆ ಹಾರಾಡುತ್ತೆ. ಸುಳ್ಳು ಅಲಾರಂ ಬರಬಾರದು ಅಂತ ಅಳಿಸಿದ್ದೆ."

"ಫ್ಯಾನ್ ಇರೋದು ಇಷ್ಟೇ ಇಷ್ಟು ಜಾಗದಲ್ಲಿ. ನೀವು ಅಳಿಸಿರೋದು ಒಂದು ಮಂಚ ಹಿಡಿಯೋಷ್ಟು. ಬೇರೆ ಕಡೆ ಇನ್ನೂ ಆರು ಗೋದಾಮಿದೆ, ಎಲ್ಲಾ ನಿಮಗೇ ಕೊಡೋಣ ಅಂತಿದ್ದೆ. ಹೀಗೆ ಮಾಡಿದ್ರೆ ಹೇಗೆ?"

ಸೈರನ್ ತಲೆ ತಗ್ಗಿಸಿ ಎಂಟು ಚೌಕಕ್ಕೆ ಬಣ್ಣ ಬಳಿದ. ಅರ್ಧ ನಿಮಿಷದ ಕೆಲಸ. ಗಡಿಯಾರದಲ್ಲಿ ನಾಲ್ಕಕ್ಕೆ ಹತ್ತು ನಿಮಿಷ ಬಾಕಿಯಿತ್ತು. ಕೆಲಸದವರ ಫೋನೆಲ್ಲ ಗೇಟಿನಲ್ಲೇ ಇಟ್ಟುಕೊಳ್ಳುತ್ತಾರೆ, ಹಾಗಾಗಿ ಅಕ್ಕನಿಗೆ ತಿಳಿಸಬೇಕಾದರೆ ಯಾರಾದರೂ ಕೆಳಗೆ ಇಳಿಯಬೇಕು.

"ಸರ್, ನಾನು ಹೋಗಿ ಅಲ್ಲಿ ನಿಂತ್ಕೊಳ್ತೀನಿ, ಟೆಸ್ಟ್ ಮಾಡೋಣ," ಅಂದೆ ನಾನು.

"ಬೇಡ. ಯಾರಾದ್ರೂ ತಾವಾಗೇ ಬರಲಿ. ನಿಜವಾದ ಟೆಸ್ಟ್ ಅದು."

ನಾನು ಸೈರನ್ನನ ಮುಖ ನೋಡಿದೆ. ಅವನು ನನ್ನ ಮುಖ ನೋಡಲಿಲ್ಲ. ನಾನು ಕೂತೆ. ನನ್ನ ಕಾಲೇನೂ ಮುರಿದಿರಲಿಲ್ಲ, ಎದ್ದು ಹೋಗಿದ್ದರೆ ಮ್ಯಾನೇಜರ್ ಹಗ್ಗ ಹಾಕಿ ಕಟ್ಟುತ್ತಿರಲಿಲ್ಲ. ಆರು ಗೋದಾಮಿನ ಕೇಬಲ್ಲು ನನ್ನ ಕಣ್ಣ ಮುಂದೆಯೂ ಕುಣಿಯುತ್ತಿತ್ತು. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆಗ ಆಗಲಿಲ್ಲ.

ನಾಲ್ಕಕ್ಕೆ ಸರಿಯಾಗಿ ಅಕ್ಕ ಬಂದಳು. ಅಪರೂಪಕ್ಕೆ ಮೂಲೆ ಖಾಲಿಯಿತ್ತು. ಪೆಟ್ಟಿಗೆ ಎಳೆದುಕೊಂಡು ಕೂತಳು. ಕಂಪ್ಯೂಟರಿನ ಪರದೆಯ ಮೇಲೆ ಅವಳ ಸುತ್ತ ಹಸಿರು ಚೌಕಟ್ಟೊಂದು ಮೂಡಿ, ಪಕ್ಕದಲ್ಲಿ ಸೆಕೆಂಡುಗಳು ಓಡತೊಡಗಿದವು. ಅರವತ್ತಕ್ಕೆ ಅವಳು ಮುಂದಕ್ಕೆ ಬಾಗಿದಳು. ಎದ್ದೇಬಿಟ್ಟಳು ಅಂದುಕೊಂಡೆ. ಆದರೆ ಬಾಗಿದ್ದು ಬೂಟು ಕಳಚುವುದಕ್ಕೆ. ಕಳಚಿ, ಎರಡೂ ಕೈಯಲ್ಲಿ ಮೊಣಕಾಲು ನೀವಿಕೊಂಡಳು. ಮ್ಯಾನೇಜರ್ ಕುರ್ಚಿ ಮುಂದಕ್ಕೆಳೆದುಕೊಂಡು, "ಬಂತು, ಬಂತು," ಅಂದ. ತೊಂಬತ್ತಕ್ಕೆ ಚೌಕಟ್ಟು ಕೆಂಪಾಯಿತು. ಮೇಜಿನ ದೀಪ ಹತ್ತಿಕೊಂಡಿತು.

"ಸರಿಯಾಗಿ ಕೆಲಸ ಮಾಡ್ತಿದೆ ಸರ್," ಅಂದ ಸೈರನ್.

ಮ್ಯಾನೇಜರ್ ಅವಳನ್ನು ಮೇಲೆ ಕರೆಸಿದ. ಅವಳು ಮೆಟ್ಟಿಲು ಹತ್ತುವಷ್ಟರಲ್ಲಿ ಸೈರನ್, "ಫೋಟೋ ಪ್ರಿಂಟ್ ತೆಗೀತೀನಿ ಸರ್," ಅಂತ ಪಕ್ಕದ ರೆಕಾರ್ಡರ್ ಕೋಣೆಗೆ ಹೊಕ್ಕ. ನಾನೂ ಬೆನ್ನಿಗೇ ಹೋದೆ. ನಡುವೆ ತೆಳ್ಳನೆಯ ಪ್ಲೈವುಡ್ ಗೋಡೆ, ಉಸಿರು ಬಿಟ್ಟರೂ ಕೇಳಿಸುತ್ತದೆ. ಅಕ್ಕನ ಫೋಟೋ ಮೊಣಕಾಲಿನ ಸಮೇತ ಮಿಷಿನ್ನಿಂದ ನಿಧಾನವಾಗಿ ಹೊರಗೆ ಬಂತು. ಬಾಗಿಲ ಸಂದಿಯಿಂದ ಮ್ಯಾನೇಜರನ ಕೈ ಬಂದು ಅದನ್ನು ತೆಗೆದುಕೊಂಡು ಹೋಯಿತು.

"ಮೂರನೇದು ಇದು," ಅಂದ ಮ್ಯಾನೇಜರ್. "ಆದ್ರೂ ಒಂದು ಅವಕಾಶ ಕೊಡ್ತೀನಿ. ಅಲ್ಲಿ ದೀಪ ಹತ್ತಲ್ಲ ಅಂತ ನಿನಗೆ ಯಾರು ಹೇಳಿದ್ದು? ಹೆಸರು ಹೇಳು, ಇದೊಂದನ್ನ ಹೊಡೆದುಹಾಕ್ತೀನಿ. ಇನ್ನು ನಾಲ್ಕೇ ತಿಂಗಳು ಅಲ್ವಾ ನಿನಗೆ?"

ಸೈರನ್ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ. ಅವಳ ಬಾಯಿಂದ ತನ್ನ ಹೆಸರು ಬಂದೀತೆಂದು ಅವನ ಮುಖ ಸುಣ್ಣವಾಗಿತ್ತು. ದೇವರಾಣೆ, ಆ ಮುಖದಲ್ಲಿ ಅಕ್ಕನ ಚಿಂತೆ ನನಗೆ ಕಾಣಲಿಲ್ಲ.

"ಯಾರೂ ಹೇಳಿಲ್ಲ ಸರ್," ಅಂದಳು. "ನಾನೇ ಕಂಡುಕೊಂಡೆ."

ಸೈರನ್ ಉಸಿರು ಬಿಟ್ಟ. ಆಚೆ ಕಡೆ ಅವಳು ಗುರುತಿನ ಚೀಟಿ ಕಳಚಿ ಮೇಜಿನ ಮೇಲಿಟ್ಟ ಸದ್ದಾಯಿತು.

ಸಂಜೆ ಅವಳ ಮನೆಗೆ ಹೋದೆವು. ಹೋಗದಿದ್ದರೆ ಅಕ್ಕನಿಗೆ ಅನುಮಾನ ಬರುತ್ತದೆ ಅಂತ ಅವನೇ ಹೊರಡಿಸಿದ್ದು. ಒಂದೇ ಕೋಣೆ, ಮೂಲೆಯಲ್ಲಿ ಒಲೆ. ಅವಳು ಗೋಡೆ ಹಿಡಿದುಕೊಂಡು ಎದ್ದು ನಮಗೆ ಟೀ ಮಾಡಿದಳು.

"ಕೆಲಸ ಹೋಯ್ತು ಕಣೋ," ಅಂದಳು. "ಆ ಜಾಗವನ್ನ ಯಾರೋ ಮುಚ್ಚಿಬಿಟ್ಟಿದ್ದಾರೆ. ನಿನ್ನ ಹೆಸರು ನಾನು ಎತ್ತಲಿಲ್ಲ. ನಿನ್ನ ಕೆಲಸಕ್ಕೇನೂ ಆಗಲ್ಲ, ಹೆದರ್ಕೋಬೇಡ."

ಆಗ ಸೈರನ್ ಜೀವಮಾನದಲ್ಲಿ ಮೊದಲ ಸಲ ದನಿ ಎತ್ತಿದ್ದನ್ನು ನಾನು ಕೇಳಿದೆ. "ಯಾವನಕ್ಕ ಅವನು ಮುಚ್ಚಿದ್ದು? ಸಿಗಲಿ, ಕೈ ಮುರಿದು ಹಾಕ್ತೀನಿ."

"ಬಿಡೋ, ಬೈಬೇಡ," ಅಂದಳು ಅಕ್ಕ, ಅವನ ಮುಂದೆ ಲೋಟ ಇಡುತ್ತಾ. "ಮುಚ್ಚು ಅಂದಿರ್ತಾರೆ, ಮುಚ್ಚಿರ್ತಾನೆ. ನಾನು ಅಲ್ಲಿ ಕೂರ್ತೀನಿ ಅಂತ ಅವನಿಗೇನು ಗೊತ್ತು ಪಾಪ. ಗೊತ್ತಿದ್ದಿದ್ರೆ ಯಾರಾದ್ರೂ ಹಾಗೆ ಮಾಡ್ತಾರಾ?"

ಸೈರನ್, "ಇಲ್ಲಕ್ಕ, ಮಾಡಲ್ಲ," ಅಂದ. ಅವಳು ನನ್ನ ಕಡೆ ತಿರುಗಿ ಸಕ್ಕರೆ ಸರಿಯಾಗಿದೆಯಾ ಅಂತ ಕೇಳಿದಳು. ಸರಿಯಾಗಿದೆ ಅಂದೆ.